ಸನ್ನಿವೇಲ್‌ನ ಹಳೆಯ ಐಕ್ಲರ್ ಮನೆ: ನಡುವಿನ ತೊಟ್ಟಿ ಮುಚ್ಚಿಸಬೇಕೇ, ಹಾಗೇ ಬಿಡಬೇಕೇ?

ಹಾಸನದ_ಸೊಸೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ 1961ರ ಐಕ್ಲರ್ ಮನೆ (ಜೋಸೆಫ್ ಐಕ್ಲರ್ ಎಂಬ ಬಿಲ್ಡರ್ ಕಟ್ಟಿಸಿದ್ದು) ಕೊಂಡೆವು. ನಾಲ್ಕು ರೂಮು, ಎರಡು ಬಚ್ಚಲು, ನಡುವೆ ಏಟ್ರಿಯಂ, ಅಂದರೆ ಮೇಲೆ ಚಾವಣಿಯಿಲ್ಲದ ಅಂಗಳ. ಬೀದಿಯಿಂದ ನೋಡಿದರೆ ಬರೀ ಮರದ ಗೋಡೆ, ಗ್ಯಾರೇಜು. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಮತ್ತೆ ಆಕಾಶ ಕಾಣುತ್ತದೆ. ಅತ್ತೆ ಊರಿನಿಂದ ಬಂದಿದ್ದಾರೆ. ನೋಡಿದ ಕೂಡಲೇ "ಇದು ತೊಟ್ಟಿ ಮನೆ ಕಣೇ, ಕಂಬ ಮಾತ್ರ ಸಣ್ಣದು" ಅಂದರು. ಅವತ್ತಿನಿಂದ ನಮ್ಮಲ್ಲಿ ಯಾರೂ ಏಟ್ರಿಯಂ ಅನ್ನುವುದಿಲ್ಲ, ತೊಟ್ಟಿ ಅಂತಲೇ ಕರೆಯುತ್ತೇವೆ.

ಈಗ ಕಷ್ಟ ಏನೆಂದರೆ ಮನೆ ವಿಪರೀತ ಚಳಿ. ನೆಲದಿಂದ ಚಾವಣಿವರೆಗೆ ಇರುವ ಗಾಜೆಲ್ಲ ಹಳೆಯದು, ಒಂದೇ ಪದರದ್ದು. ನೆಲದೊಳಗಿನ ಬಿಸಿನೀರಿನ ಕೊಳವೆಗಳು ಅರ್ಧ ಮನೆಗೆ ಕೆಲಸ ಮಾಡುತ್ತವೆ, ಇನ್ನರ್ಧ ತಣ್ಣಗೇ ಇರುತ್ತದೆ. ಕಾಂಟ್ರಾಕ್ಟರ್ ಒಬ್ಬರು ಬಂದು ನೋಡಿದರು. ತೊಟ್ಟಿಯ ಮೇಲೆ ಗಾಜಿನ ಚಾವಣಿ ಹಾಕಿ ಹಾಲ್‌ಗೆ ಸೇರಿಸಿಬಿಡಿ, ಹಿತ್ತಲ ಕಡೆ ಗೋಡೆಯುದ್ದಕ್ಕೂ ಮಡಚುವ ಬಾಗಿಲು ಇಡಿ, ನೆಲಕ್ಕೆ ಹೊಸ ಹಲಗೆ ಹಾಸಿ ಎಂದರು. ಕೇಳುವಾಗ ಚೆನ್ನಾಗಿಯೇ ಇತ್ತು. ಆದರೆ ರಾತ್ರಿ ಮಲಗಿದಾಗ ಯಾಕೋ ಮನಸ್ಸು ಒಪ್ಪಲಿಲ್ಲ.

ನಮಗೆ ಬೇಕಾಗಿರುವುದು ಇಷ್ಟು. ಏಳು ಮತ್ತು ನಾಲ್ಕು ವರ್ಷದ ಮಕ್ಕಳು ಒಳಗೂ ಹೊರಗೂ ಓಡಾಡಿಕೊಂಡಿರಬೇಕು. ಅತ್ತೆ-ಮಾವ ಮೆಟ್ಟಿಲು ಹತ್ತಿ ಇಳಿಯದೆ ಹೊರಗೆ ಬಿಸಿಲಿಗೆ ಕೂರುವ ಹಾಗಿರಬೇಕು. ಅಡುಗೆ ಮಾಡುತ್ತಾ ಇರುವಾಗ ನನಗೆ ಮಕ್ಕಳು ಕಾಣಬೇಕು. ಎಲ್ಲವನ್ನೂ ಒಂದೇ ಸಲ ಮಾಡಿಸುವಷ್ಟು ದುಡ್ಡಿಲ್ಲ. ಇಂಥ ಮನೆಯಲ್ಲಿ ಇದ್ದವರು, ಇರುವವರು ದಯವಿಟ್ಟು ಹೇಳಿ, ಮೊದಲು ಏನು ಮಾಡಿಸಬೇಕು?

ಕಾಫಿ_ಮತ್ತು_ಕಂಬ

ಮುಚ್ಚಿಸಬೇಡಿ. ನಾವು ಕ್ಯುಪರ್ಟಿನೋದ ಫೇರ್‌ಗ್ರೋವ್‌ನಲ್ಲಿ ಇಂಥದೇ ಮನೆಯಲ್ಲಿ 14 ವರ್ಷದಿಂದ ಇದ್ದೇವೆ, ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಜೋಸೆಫ್ ಐಕ್ಲರ್ ಸುಮಾರು 11,000 ಮನೆ ಕಟ್ಟಿಸಿದರು, ಹೆಚ್ಚಿನವು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ನಮ್ಮ ಈ ಬೇ ಏರಿಯಾದಲ್ಲೇ ಇವೆ. ಅವರ ವಾಸ್ತುಶಿಲ್ಪಿಗಳು ಮಾಡಿದ ಕೆಲಸವೇ ಒಳಗು-ಹೊರಗನ್ನು ಒಂದು ಮಾಡುವುದು. ಅಂದರೆ ನಿಮಗೆ ಬೇಕಾದದ್ದು ಆ ಮನೆಯಲ್ಲಿ ಆಗಲೇ ಇದೆ. ಅದನ್ನು ಹೊಸದಾಗಿ ತರುವುದಕ್ಕಲ್ಲ, ಅದು 60 ವರ್ಷದಲ್ಲಿ ಎಲ್ಲೆಲ್ಲಿ ಸೋತಿದೆಯೋ ಅಲ್ಲಿಗೆ ದುಡ್ಡು ಹಾಕಿ. ಇನ್ನೊಂದು ಮಾತು, ಇದು ಕೆಲಸಕ್ಕೆ ಸಂಬಂಧಿಸಿದ್ದಲ್ಲ. ಆ ಮನುಷ್ಯ ಬಣ್ಣ, ಧರ್ಮ ನೋಡದೆ ಯಾರು ಬಂದರೂ ಮನೆ ಮಾರಿದವರು. ಮನೆ ಕಟ್ಟುವವರ ರಾಷ್ಟ್ರೀಯ ಸಂಘ ಆ ನೀತಿಗೆ ಒಪ್ಪದಿದ್ದಾಗ 1958ರಲ್ಲಿ ಸಂಘಕ್ಕೇ ರಾಜೀನಾಮೆ ಕೊಟ್ಟರು. ನಮ್ಮ ಅಮ್ಮ ಆ ಅಂಗಳದಲ್ಲಿ ತುಳಸಿಗೆ ನೀರು ಹಾಕುವಾಗ ನನಗೆ ಇದು ಎಷ್ಟೋ ಸಲ ನೆನಪಾಗುತ್ತದೆ.

ಈಗ ಕೆಲಸದ ಮಾತು. ನಿಮ್ಮ ಅತ್ತೆ ಹೇಳಿದ್ದು ಸರಿ, ಆದರೆ ಒಂದು ವ್ಯತ್ಯಾಸ ಇದೆ. ನಮ್ಮೂರಿನ ತೊಟ್ಟಿ ತಗ್ಗಿನಲ್ಲಿರುತ್ತದೆ. ಎಷ್ಟೇ ಮಳೆ ಬಂದರೂ ನೀರು ಅಲ್ಲೇ ನಿಂತು ತೂಬಿನಲ್ಲಿ ಹೋಗುತ್ತದೆ, ಪಡಸಾಲೆಗೆ ಹತ್ತುವುದಿಲ್ಲ. ಇಲ್ಲಿ ಅಂಗಳದ ನೆಲ, ಹಾಲ್‌ನ ನೆಲ ಹೆಚ್ಚುಕಡಿಮೆ ಒಂದೇ ಮಟ್ಟ. ನಡುವಿನ ಒಂದು ಡ್ರೈನ್ ಕಟ್ಟಿಕೊಂಡರೆ ಮುಗಿಯಿತು, ನೀರು ಬಾಗಿಲ ಸಂದಿಯಿಂದ ಸೀದಾ ಒಳಗೆ ಬರುತ್ತದೆ. ಆ ಡ್ರೈನ್‌ನ ಪೈಪು ಮನೆಯ ನೆಲದ ಕಾಂಕ್ರೀಟ್ ಸ್ಲ್ಯಾಬಿನ ಕೆಳಗೇ ಹಾದು ಹೊರಗೆ ಹೋಗುತ್ತದೆ, ಬೇರು ಹೊಕ್ಕಿದ್ದರೆ ಮೇಲಿನಿಂದ ಗೊತ್ತಾಗುವುದಿಲ್ಲ. ಮಳೆಗಾಲ ನವೆಂಬರ್‌ನಲ್ಲಿ ಶುರುವಾಗುವ ಮೊದಲು ಕ್ಯಾಮೆರಾ ಬಿಟ್ಟು ನೋಡಿಸಿ. ಇದೇ ಮೊದಲ ಕೆಲಸ.

ಎರಡನೆಯದು ನೆಲದೊಳಗಿನ ಕೊಳವೆ. ಇದನ್ನು ನೋವಿನಿಂದ ಬರೆಯುತ್ತಿದ್ದೇನೆ. ನಾವು ಹಿತ್ತಲ ಕಡೆಯ ಜಾರುವ ಬಾಗಿಲು ಬದಲಾಯಿಸಿದೆವು. ಹಳಿ ಕೂರಿಸಲು ಬಂದವರಿಗೆ ನೆಲದಲ್ಲಿ ಕೊಳವೆ ಇದೆ ಎಂದು ಹೇಳಿದ್ದೆ. ಅಂಚಿನಲ್ಲಿ ಏನೂ ಇರುವುದಿಲ್ಲ ಬಿಡಿ ಎಂದು ಸ್ಲ್ಯಾಬಿಗೆ ತೂತು ಕೊರೆದರು. ಮೊದಲ ಎರಡು ತೂತಿನಿಂದ ಬೂದು ಬಣ್ಣದ ಪುಡಿ ಬಂತು. ಮೂರನೆಯದರಿಂದ ಸಣ್ಣಗೆ ಬೆಚ್ಚನೆಯ ನೀರು ಉಕ್ಕಿತು, ನಾನು ಪಕ್ಕದಲ್ಲೇ ಮಂಡಿಯೂರಿ ಕೂತಿದ್ದೆ. ತಾಮ್ರದ ಕೊಳವೆ ಆದ್ದರಿಂದ ಅಷ್ಟು ಜಾಗ ಮಾತ್ರ ಒಡೆದು ಬೆಸುಗೆ ಹಾಕಿದರು, ಆದರೆ ಅದು ಆಗುವವರೆಗೆ ಆ ಚಳಿಗಾಲ ಪೂರ್ತಿ ಹೀಟರ್ ಇಲ್ಲದೆ ಕಳೆದೆವು. ಯಾರೇ ಬಂದು ನೆಲಕ್ಕೆ ಒಂದೇ ಒಂದು ಮೊಳೆ ಹೊಡೆಯುತ್ತೇನೆ ಎಂದರೂ, ನೆಲದ ಹೀಟರ್ ಆನ್ ಮಾಡಿ, ಬಿಸಿ ಇರುವ ಜಾಗ ತೋರಿಸುವ ಥರ್ಮಲ್ ಕ್ಯಾಮೆರಾದಲ್ಲಿ ಕೊಳವೆ ಎಲ್ಲೆಲ್ಲಿ ಹೋಗಿದೆ ನೋಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆಮೇಲೆ ಡ್ರಿಲ್ ಮುಟ್ಟಲು ಬಿಡಿ.

ನಿಮ್ಮಲ್ಲಿ ಅರ್ಧ ಮನೆ ತಣ್ಣಗಿದೆ ಎಂದರೆ ವಾಲ್ವ್ ಮುಚ್ಚಿರಬಹುದು, ಗಾಳಿ ಸಿಕ್ಕಿಕೊಂಡಿರಬಹುದು, ಅಥವಾ ಸೋರುತ್ತಿದೆ ಎಂದು ಹಿಂದಿನವರು ಆ ಭಾಗವನ್ನು ಕಟ್ ಮಾಡಿಸಿರಬಹುದು. ಮೊದಲು ಪ್ರೆಷರ್ ಟೆಸ್ಟ್ (ಕೊಳವೆಯೊಳಗೆ ಒತ್ತಡ ಕೊಟ್ಟು ಸೋರುತ್ತದೆಯಾ ನೋಡುವುದು) ಮಾಡಿಸಿ. ಸುಮ್ನೆ ಕೈಬಿಟ್ಟು ಬೇರೆ ಹೀಟರ್ ಹಾಕಿಸಬೇಡಿ. ಜನವರಿ ಬೆಳಿಗ್ಗೆ ಮಕ್ಕಳು ಬರಿಗಾಲಲ್ಲಿ ಬೆಚ್ಚಗಿನ ನೆಲದ ಮೇಲೆ ಕೂತು ಆಡುವ ಸುಖ ಬೇರೆ ಯಾವುದರಿಂದಲೂ ಬರುವುದಿಲ್ಲ.

ಮಂಜಿನ_ಬೆಟ್ಟ

ಮೇಲಿನವರ ಮಾತಿಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನಾವಿರುವುದು ಸ್ಯಾನ್ ಮಟೇಯೋ ಹೈಲ್ಯಾಂಡ್ಸ್‌ನಲ್ಲಿ, ಬೆಟ್ಟದ ಮೇಲೆ. ಬೇಸಿಗೆಯ ಸಂಜೆಯೂ ಸಮುದ್ರದ ಕಡೆಯಿಂದ ಮಂಜು, ಗಾಳಿ ಬರುತ್ತದೆ. ಅಂಗಳದಲ್ಲಿ ಕೂರುವ ದಿನಗಳೇ ಕಡಿಮೆ. ಜೊತೆಗೆ ಅಪ್ಪನಿಗೆ ಮಂಡಿ ಆಪರೇಷನ್ ಆಗಿತ್ತು, ಮಳೆಯಲ್ಲಿ ಒದ್ದೆ ನೆಲ ದಾಟಿ ಒಳಗೆ ಬರಬೇಕಿತ್ತು. ಅದಕ್ಕೇ ನಾವು ಮೇಲೆ ಗಾಜು ಹಾಕಿಸಿದೆವು, ಪರ್ಮಿಟ್ ತೆಗೆದುಕೊಂಡೇ. ಅಪ್ಪ ಈಗ ಅಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ, ಹಾಕಿಸಿದ್ದಕ್ಕೆ ನನಗೆ ಸಮಾಧಾನ ಇದೆ.

ಆದರೆ ನಿಜ ಹೇಳಬೇಕಲ್ಲವಾ, ಮೊದಲ ಬೇಸಿಗೆ ಕಷ್ಟವಾಯಿತು. ಬಿಸಿಲು ಬಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಬಿಸಿ ಗಾಳಿ ಪಕ್ಕದ ರೂಮುಗಳಿಗೂ ಹೋಗುತ್ತಿತ್ತು. ಆಮೇಲೆ ಎರಡು ಪ್ಯಾನೆಲ್ ತೆರೆಯುವ ಹಾಗೆ ಮಾಡಿಸಿ, ಬಟ್ಟೆಯ ನೆರಳು ಕಟ್ಟಿಸಿದೆವು. ಗಿಡಗಳೂ ಬದಲಾದವು, ಮಳೆ ನೀರು ಬೀಳುವುದಿಲ್ಲವಲ್ಲ. ಸನ್ನಿವೇಲ್ ಇಲ್ಲಿಗಿಂತ ಜಾಸ್ತಿ ಬಿಸಿಲಿನ ಊರು. ನಿಮ್ಮಲ್ಲಿ ಪೂರ್ತಿ ಮುಚ್ಚಿದರೆ ಇನ್ನೂ ಕಷ್ಟ. ಮುಂಬಾಗಿಲಿನಿಂದ ಒಳಬಾಗಿಲಿನವರೆಗೆ ಮಾತ್ರ ಸೂರು ಮುಂದಕ್ಕೆ ಎಳೆದ ಹಾಗೆ ಒಂದು ಪಟ್ಟಿ ಹಾಕಿಸಿದರೆ ಹಿರಿಯರು ನೆನೆಯುವುದಿಲ್ಲ, ಆಕಾಶವೂ ಉಳಿಯುತ್ತದೆ. ಹೊಸದಾಗಿ ಮಾಡಿಸುವುದಾದರೆ ನಾನು ಇಷ್ಟೇ ಮಾಡಿಸುತ್ತಿದ್ದೆ.

ಇನ್ನೊಂದು, ಮಲಗುವ ರೂಮಿನ ಕಿಟಕಿ ಅಂಗಳದ ಕಡೆಗೇ ಇದ್ದರೆ ಮುಚ್ಚುವ ಮೊದಲು ನಗರದವರ ಹತ್ತಿರ ಮಾತಾಡಿ. ಬೆಂಕಿ ಬಿದ್ದಾಗ ಆ ರೂಮಿನಿಂದ ಹೊರಗೆ ಹೋಗುವ ದಾರಿ ಯಾವುದು ಅಂತ ಕೇಳುತ್ತಾರೆ. ಸನ್ನಿವೇಲ್ ನಗರದಲ್ಲಿ ಐಕ್ಲರ್ ಮನೆಗಳಿಗೆಂದೇ ವಿನ್ಯಾಸದ ಮಾರ್ಗಸೂಚಿ ಇದೆ, ಅದನ್ನೂ ಒಮ್ಮೆ ಓದಿಕೊಳ್ಳಿ.

ತೊಲೆ_ಲೆಕ್ಕ

ನಾನು ಸ್ಟ್ರಕ್ಚರಲ್ ಎಂಜಿನಿಯರ್. ಮಡಚುವ ಬಾಗಿಲಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಹಾಲ್‌ನಲ್ಲಿ ನಿಂತು ತಲೆ ಎತ್ತಿ ನೋಡಿ. ಚಾವಣಿಯ ಹಲಗೆಗಳು ತೊಲೆಗಳ ಮೇಲೆ ಕೂತಿವೆ. ತೊಲೆಗಳು ಹಿತ್ತಲ ಕಡೆಗೆ ಹೋಗಿ, ಗಾಜಿನ ನಡುನಡುವೆ ಇರುವ ಆ ತೆಳ್ಳಗಿನ ಕಂಬಗಳ ಮೇಲೆ ಕೂರುತ್ತವೆ. ಚಾವಣಿಯ ಭಾರ ಇಳಿಯುವುದು ಅದೇ ಕಂಬಗಳಿಂದ. ಗೋಡೆಯುದ್ದಕ್ಕೂ ಮಡಚುವ ಬಾಗಿಲು ಅಂದರೆ ನಡುವಿನ ಕಂಬ ತೆಗೆಯಬೇಕು, ಕಂಬ ತೆಗೆದರೆ ಅಡ್ಡಕ್ಕೆ ದಪ್ಪ ಬೀಮ್ ಬೇಕು, ಅದರ ಎರಡು ತುದಿಗೆ ಹೊಸ ಪಾಯ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಭೂಕಂಪದ ಲೆಕ್ಕವೂ ಸೇರುತ್ತದೆ. ಅಷ್ಟೆಲ್ಲ ಮಾಡಿದ ಮೇಲೆ ಆ ಬೀಮ್ ನಿಮ್ಮ ಕಣ್ಣೆದುರಿಗೇ ಹಿತ್ತಲಿನ ನೋಟಕ್ಕೆ ಅಡ್ಡ ಬರುತ್ತದೆ. ಅದರ ಬದಲು ಕಂಬದಿಂದ ಕಂಬಕ್ಕೆ ಒಂದೊಂದು ಒಳ್ಳೆಯ ಜಾರುವ ಬಾಗಿಲು ಇಡಿ. ಎರಡು ಕಡೆ ತೆರೆದರೆ ಮಕ್ಕಳಿಗೆ ಸಾಕು. ಖರ್ಚಿನಲ್ಲಿ ತುಂಬಾ ವ್ಯತ್ಯಾಸ ಬೀಳುತ್ತದೆ.

ಕಂಬಗಳ ಬುಡವನ್ನು ನೀವೇ ಪರೀಕ್ಷೆ ಮಾಡಬಹುದು. ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಗಿನ ಕಡೆ ನೆಲಕ್ಕೆ ತಾಗುವ ಜಾಗದಲ್ಲಿ ಒತ್ತಿ. ಗಟ್ಟಿ ಮರವಾದರೆ ತುದಿ ಜಾರುತ್ತದೆ. ಕೊಳೆತಿದ್ದರೆ ಮೆತ್ತಗಿನ ಬೆಲ್ಲದ ಅಚ್ಚಿಗೆ ಹೋದ ಹಾಗೆ ಒಳಗೆ ಇಳಿಯುತ್ತದೆ. ಬಣ್ಣ ಮಾತ್ರ ಚೆನ್ನಾಗಿದ್ದು ಒಳಗೆ ಏನೂ ಉಳಿಯದ ಕಂಬಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಗಾಜು ಬದಲಾಯಿಸುವಾಗ ಎರಡು ವಿಷಯ. ಒಂದು ಭಾರ. ಒಂದೊಂದು ಪದರ ಕಾಲು ಇಂಚು ದಪ್ಪ ಇರುವ ಎರಡು ಪದರದ ಗಾಜು, ಎಂಟು ಅಡಿ ಎತ್ತರ ಆರು ಅಡಿ ಅಗಲ ಅಂದರೆ ಒಂದಕ್ಕೇ ಸುಮಾರು 140 ಕಿಲೋ. ಹಳೆಯ ಮರದ ಪಟ್ಟಿಗೆ ಹಾಗೇ ಸಿಕ್ಕಿಸುವಂಥದ್ದಲ್ಲ. ಇನ್ನೊಂದು ಮಕ್ಕಳು. ಅಮೆರಿಕ ಸರಕಾರ ಬಾಗಿಲುಗಳ ಗಾಜಿಗೆ ಸುರಕ್ಷತೆಯ ನಿಯಮ ತಂದಿದ್ದು 1977ರಲ್ಲಿ. ನಿಮ್ಮ ಮನೆ ಅದಕ್ಕಿಂತ ಹಳೆಯದು. ಹಳೆಯ ಗಾಜು ಒಡೆದರೆ ಕತ್ತಿಯ ಹಾಗೆ ಉದ್ದುದ್ದ ಚೂರು ಬೀಳುತ್ತದೆ. ಗಾಜಿನ ಮೂಲೆಯಲ್ಲಿ ಸಣ್ಣ ಮುದ್ರೆ ಇದೆಯಾ ನೋಡಿ. ಇಲ್ಲದಿದ್ದರೆ ಟೆಂಪರ್ಡ್ (ಒಡೆದರೆ ಸಣ್ಣ ಹರಳುಗಳಾಗುವ ಗಟ್ಟಿ ಗಾಜು) ಅಲ್ಲ ಎಂದೇ ತಿಳಿಯಿರಿ. ಪೂರ್ತಿ ಬದಲಾಯಿಸಲು ದುಡ್ಡು ಕೂಡಿಬರುವವರೆಗೆ ಮಕ್ಕಳು ಓಡಾಡುವ ಕಡೆಯ ಗಾಜಿಗೆ, ಒಡೆದರೂ ಚೂರು ಹಿಡಿದಿಡುವ ಸೇಫ್ಟಿ ಫಿಲ್ಮ್ ಅಂಟಿಸಿ, ಇದನ್ನು ಈ ವಾರವೇ ಮಾಡಿ.

ಚಾವಣಿಯನ್ನು ಮರೆಯಬೇಡಿ. ಮೇಲೆ ಅಟ್ಟ ಇಲ್ಲ, ನಿಮಗೆ ಕಾಣುವ ಹಲಗೆಯೇ ಚಾವಣಿ. ಚಳಿ ಬರುವುದು ಗಾಜಿನಿಂದ ಮಾತ್ರ ಅಲ್ಲ, ಅಲ್ಲಿಂದಲೂ ಬರುತ್ತದೆ. ಇನ್ಸುಲೇಷನ್ (ಚಳಿ, ಬಿಸಿಲು ತಡೆಯುವ ಪದರ) ಹಾಕುವುದಾದರೆ ಮೇಲಿನಿಂದಲೇ ಹಾಕಬೇಕು, ಫೋಮ್ ಆಗಲಿ ಶೀಟ್ ಆಗಲಿ. ಲೈಟು, ಫ್ಯಾನು ಎಲ್ಲಿ ಬೇಕು ಎಂದು ಅದಕ್ಕೆ ಮೊದಲೇ ತೀರ್ಮಾನ ಮಾಡಿಕೊಳ್ಳಿ. ವೈರುಗಳು ಮೇಲಿನಿಂದಲೇ ಬರಬೇಕು, ಫೋಮ್ ಬಿದ್ದ ಮೇಲೆ ಅದನ್ನು ಮತ್ತೆ ಅಗೆಯಬೇಕಾಗುತ್ತದೆ.

ಒಗ್ಗರಣೆ_ಘಮ

ಅಕ್ಕ, ಅಡುಗೆಮನೆ ಬಗ್ಗೆ ನನ್ನದೊಂದು ಮಾತು. ಅಟ್ಟ ಇಲ್ಲದ್ದರಿಂದ, ಒಲೆಯ ಮೇಲೆ ಹೊಗೆ ಎಳೆಯುವ ಹುಡ್‌ನ ಕೊಳವೆಯನ್ನು ಅಡ್ಡಕ್ಕೆ ಬಚ್ಚಿಡಲು ಜಾಗವೇ ಇರುವುದಿಲ್ಲ. ನೇರ ಮೇಲಕ್ಕೆ ಹೋಗಬೇಕು, ಇಲ್ಲವೇ ಹೊರಗೋಡೆಯಿಂದ ಹೋಗಬೇಕು. ಅದಕ್ಕೇ ಒಲೆ ಎಲ್ಲಿ ಅನ್ನುವುದನ್ನು ಚಾವಣಿ ಕೆಲಸಕ್ಕೆ ಮೊದಲೇ ಗೊತ್ತು ಮಾಡಿ. ಹಳೆಯ ಮಹಾಗನಿ ಗೋಡೆ ಇನ್ನೂ ಇದೆಯಾ? ಇದ್ದರೆ ಬಿಳಿ ಬಣ್ಣ ಬಳಿಸಬೇಡಿ, ಸಂಜೆ ಬಿಸಿಲಿಗೆ ಜೇನುತುಪ್ಪದ ಬಣ್ಣ ಬರುತ್ತದೆ. ಆದರೆ ಎಣ್ಣೆ ಹೊಗೆಯನ್ನು ಹಿಡಿದುಕೊಳ್ಳುತ್ತದೆ. ನಾವು ಪಕ್ಕದ ಅಂಗಳದಲ್ಲಿ ಸೂರಿನಿಂದ ದೂರಕ್ಕೆ ಒಂದು ಕಲ್ಲಿನ ಕಟ್ಟೆ ಕಟ್ಟಿಸಿ ಎರಡು ಬರ್ನರ್ ಇಟ್ಟಿದ್ದೇವೆ. ಹಪ್ಪಳ, ಬಜ್ಜಿ, ಮೀನು ಕರಿಯುವುದೆಲ್ಲ ಹೊರಗೇ. ಅಮ್ಮ ಬಂದಾಗ ಇಡೀ ದಿನ ಅಲ್ಲೇ ಇರುತ್ತಾರೆ.

ಹಾಸನದ_ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಎಂದುಕೊಂಡಿರಲಿಲ್ಲ, ಮಾವನಿಗೂ ಓದಿ ಹೇಳಿದೆ.

ಶನಿವಾರ ಎರಡು ಕೆಲಸ ಮಾಡಿದೆವು. ತೊಟ್ಟಿಗೆ ಪೈಪು ಬಿಟ್ಟು ನೀರು ಹರಿಸಿದೆವು. ಮೊದಲು ಸರಿಯಾಗಿಯೇ ಹೋಗುತ್ತಿತ್ತು. ಹತ್ತು ನಿಮಿಷ ಆದ ಮೇಲೆ ಡ್ರೈನ್‌ನ ಜಾಲರಿಯ ಮೇಲೆ ನೀರು ನಿಂತು, ಹಾಲ್‌ನ ಬಾಗಿಲ ಹತ್ತಿರಕ್ಕೆ ಮೆಲ್ಲಗೆ ಬರತೊಡಗಿತು. ಮಾವ ಕೂಡಲೇ ನಲ್ಲಿ ನಿಲ್ಲಿಸಿದರು. ಕ್ಯಾಮೆರಾದವರು ಗುರುವಾರ ಬರುತ್ತಾರೆ. ಕಂಬಗಳ ಬುಡಕ್ಕೂ ಸ್ಕ್ರೂಡ್ರೈವರ್ ಒತ್ತಿ ನೋಡಿದೆ. ಒಂಬತ್ತು ಗಟ್ಟಿ ಇವೆ. ಹಿತ್ತಲಿನ ಮೂಲೆಯ ಒಂದರಲ್ಲಿ ಅರ್ಧ ಇಂಚು ಇಳಿಯಿತು.

ತೊಟ್ಟಿ ಮುಚ್ಚಿಸುವುದಿಲ್ಲ. ಬಾಗಿಲಿನವರೆಗಿನ ಸೂರಿನ ಪಟ್ಟಿ ಅತ್ತೆಗೆ ಇಷ್ಟವಾಗಿದೆ. ಈ ವರ್ಷ ಡ್ರೈನ್, ಆ ಕಂಬ, ನೆಲದ ಪ್ರೆಷರ್ ಟೆಸ್ಟ್, ಫಿಲ್ಮ್. ಮುಂದಿನ ವರ್ಷ ಚಾವಣಿ. ಗಾಜು ಆಮೇಲೆ.

ಇನ್ನೊಂದು ಪ್ರಶ್ನೆ. ಮಕ್ಕಳ ರೂಮಿನ ಕಾರ್ಪೆಟ್ ಒಂದು ಮೂಲೆಯಲ್ಲಿ ಎತ್ತಿ ನೋಡಿದೆವು. ಕೆಳಗೆ ಒಂಬತ್ತು ಇಂಚಿನ ಚೌಕದ ಟೈಲ್ಸ್, ಅದರ ಕೆಳಗೆ ಕಪ್ಪು ಅಂಟು. ಯಜಮಾನರು ಈ ವಾರಾಂತ್ಯ ತಾವೇ ಕಿತ್ತುಹಾಕುತ್ತೇನೆ ಎನ್ನುತ್ತಿದ್ದಾರೆ. ಮಾಡಬಹುದಾ?

ತೊಲೆ_ಲೆಕ್ಕ

ಬೇಡ, ದಯವಿಟ್ಟು ಮುಟ್ಟಬೇಡಿ. ಆ ಕಾಲದ ಒಂಬತ್ತು ಇಂಚಿನ ಟೈಲ್ಸ್‌ನಲ್ಲಿ, ಕಪ್ಪು ಅಂಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ) ಇರುವುದು ತುಂಬಾ ಸಾಮಾನ್ಯ. ಒಡೆಯದೆ, ಉಜ್ಜದೆ ಇದ್ದಲ್ಲೇ ಇದ್ದರೆ ಅಪಾಯ ಕಡಿಮೆ. ಕಿತ್ತು ಧೂಳು ಎದ್ದರೆ ಮಾತ್ರ ಕಷ್ಟ. ಕಾರ್ಪೆಟ್ ಮೂಲೆಯನ್ನು ಮತ್ತೆ ಮುಚ್ಚಿ, ಮಕ್ಕಳನ್ನು ಸದ್ಯ ಬೇರೆ ರೂಮಿನಲ್ಲಿ ಮಲಗಿಸಿ, ಲ್ಯಾಬಿನ ಪರೀಕ್ಷೆಗೆ ಕೊಡಿ. ಸ್ಯಾಂಪಲ್ ತೆಗೆಯುವವರನ್ನೇ ಕರೆಸಿ, ಟೈಲ್ಸ್ ಬೇರೆ, ಅಂಟು ಬೇರೆ ಪರೀಕ್ಷೆ ಆಗಬೇಕು ಎಂದು ಹೇಳಿ. ಕಲ್ನಾರು ಇದೆ ಎಂದು ಬಂದರೆ ಅದನ್ನು ಹಾಗೇ ಬಿಟ್ಟು ಮೇಲೆ ತೆಳುವಾದ ಹೊಸ ನೆಲ ಹಾಸುವ ದಾರಿಯೂ ಇದೆ. ದಪ್ಪ ಹಲಗೆ ಮಾತ್ರ ಬೇಡ. ನೆಲದ ಬಿಸಿ ಮೇಲೆ ಬರುವುದಿಲ್ಲ, ತೊಟ್ಟಿಯ ಕಡೆ ಹೊಸ್ತಿಲು ಎತ್ತರವಾಗಿ ನಿಮ್ಮ ಮಾವ ಎಡವುತ್ತಾರೆ.

ಆ ಮೂಲೆಯ ಕಂಬದ ಫೋಟೋ ಹಾಕಿ. ಹೊರಗಿನಿಂದ ಒಂದು, ಒಳಗಿನಿಂದ ಒಂದು.