‘ಅದು ನನ್ನ ಅಭಿಪ್ರಾಯ’ ಅಂದುಬಿಟ್ಟರೆ ವಾದ ಮುಗೀತಾ?

ಕೊನೆಭಾಗದವ (ಸಿರವಾರ ಕಡೆ, ರಾಯಚೂರು)

ಹೋದ ಭಾನುವಾರ ಅಕ್ಕನ ಮೊಮ್ಮಗಳ ತೊಟ್ಟಿಲು ಕಾರ್ಯ. ಒಗ್ಗರಣಿ, ಮಿರ್ಚಿ ತಿನ್ನುತ್ತಾ ಕೂತಿದ್ದೆವು. ಮಾತು ಎಲ್ಲಿಂದಲೋ ಶುರುವಾಗಿ ತುಂಗಭದ್ರಾ ಎಡದಂಡೆ ಕಾಲುವೆಗೆ ಬಂತು. ನಮ್ಮ ಕಡೆ ನಾಲ್ಕು ಜನ ಕೂತರೆ ಅಲ್ಲಿಗೇ ಬರುತ್ತದೆ ಬಿಡಿ. ಭಾವ ಕಾರಟಗಿಯವರು, ಕಾಲುವೆಯ ಮೇಲ್ಭಾಗ, ಭತ್ತದ ಗದ್ದೆ. ನಮ್ಮದು ಕಾಲುವೆಯ ಕೊನೆ, ಹತ್ತಿ, ಮೆಣಸಿನಕಾಯಿ.

‘ತುಂಗಭದ್ರಾ ಡ್ಯಾಂ ತುಂಬಿದರೆ 133 ಟಿಎಂಸಿ, ಎಲ್ಲರಿಗೂ ಸಾಕು. ನಿಮಗೆ ನೀರು ಬಳಸೋಕೆ ಬರಲ್ಲ’ ಅಂದರು. ಹೂಳು ತುಂಬಿ ಈಗ ಹಿಡಿಯೋದೇ 105 ಚಿಲ್ಲರೆ, ಮೇಲಿನವರು ನೀವು ಬೇಕಂತಲೇ ನಮ್ಮ ನೀರು ಕದೀತೀರಿ ಅಂದೆ. ‘ಅದು ನಿನ್ನ ಅಭಿಪ್ರಾಯ, ಇದು ನನ್ನ ಅಭಿಪ್ರಾಯ’ ಅಂತ ಕೈ ತೊಳೆಯೋಕೆ ಎದ್ದು ಹೋದರು. ಸುತ್ತ ಇದ್ದವರೂ ‘ಬಿಡ್ರಿ, ಅವರವರ ಅಭಿಪ್ರಾಯ’ ಅಂದರು. ಮಿರ್ಚಿ ಗಂಟಲಲ್ಲೇ ನಿಂತಿತು. ಇಂಥವರ ಜೊತೆ ಮಾತಾಡೋದು ಹೇಗೆ?

ಮುನಿರಾಬಾದ್ ಹುಡುಗ

133 ಅನ್ನೋದು ಅಭಿಪ್ರಾಯ ಅಲ್ಲ, ಹಳೇ ಲೆಕ್ಕ. 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಕಾಲದ್ದು. ಆಮೇಲೆ ಸರ್ವೆ ಮಾಡಿ ಈಗ 105.788 ಅಂತ ಇಟ್ಟುಕೊಂಡಿದ್ದಾರೆ. ದಿನದ ಡ್ಯಾಂ ವರದಿಯಲ್ಲೇ ಇರುತ್ತದೆ, ಫೋನಲ್ಲಿ ತೋರಿಸಿ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾದಾಗಲೂ ನಮ್ಮಲ್ಲಿ ಇದೇ ಕಥೆ. 33 ಗೇಟಲ್ಲಿ ಕೊಚ್ಚಿಹೋಗಿದ್ದು ಒಂದು. ಮರುದಿನ ಮಧ್ಯಾಹ್ನಕ್ಕೆ ನಮ್ಮ ವಾಟ್ಸಾಪ್ ಗುಂಪಲ್ಲಿ ಡ್ಯಾಮೇ ಒಡೆದುಹೋಗಿತ್ತು! ತಪ್ಪು ಯಾರದು ಅನ್ನೋದರಲ್ಲಿ ನೂರು ಅಭಿಪ್ರಾಯ ಇರಲಿ. ಎಷ್ಟು ಗೇಟ್ ಅನ್ನೋದರಲ್ಲಿ ಯಾಕೆ?

ಗಂಗಾವತಿ ಮೇಷ್ಟ್ರು

ಭಾವನದು ಸರಿ ಹೋಯಿತು, ನಿಮ್ಮದನ್ನೂ ಸ್ವಲ್ಪ ನೋಡಿಕೊಳ್ಳಿ. 105 ಅಳತೆ ಮಾಡಿದ್ದು. ‘ಬೇಕಂತಲೇ ಕದೀತೀರಿ’ ಅನ್ನೋದನ್ನ ಯಾವ ಗೇಜಲ್ಲಿ ಅಳೆದಿರಿ? ಎರಡನ್ನೂ ಒಂದೇ ಉಸಿರಲ್ಲಿ ಹೇಳಿದರೆ ಕೇಳುವವನು ಎರಡನ್ನೂ ಬಿಸಾಕುತ್ತಾನೆ.

ಈ ಕಾಲುವೆ ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಂತ ಮಾಡಿದ್ದು. ಮೇಲ್ಭಾಗದಲ್ಲಿ ಭತ್ತ ಮಿತಿಮೀರಿ ಹಬ್ಬಿದ್ದೂ ನಿಜ, ನಾನೂ ಅದರಲ್ಲಿ ಒಬ್ಬ. ಆದರೆ ಬಂದು ನನ್ನ ಎರಡೆಕರೆ ನೋಡಿ. ವರ್ಷಗಟ್ಟಲೆ ನೀರು ನಿಂತು ಸವಳು-ಜವಳು ಆಗಿದೆ. ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಉಪ್ಪು ಮೇಲೆ ಬರುತ್ತದೆ, ಕಾಲಿಟ್ಟರೆ ಚರಚರ ಅನ್ನುತ್ತದೆ. ಜೋಳ ಹಾಕಿದ್ದೆ. ಮೊಣಕಾಲೆತ್ತರಕ್ಕೇ ಹಳದಿಯಾಯಿತು. ಭತ್ತವಾದರೆ ಹೇಗೋ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ದುರಾಸೆ ಅಂತಲೇ ಕಾಣುತ್ತದೆ. (ದುರಾಸೆಯವರು ಇಲ್ಲವೇ ಇಲ್ಲ ಅಂತ ನಾನೇನೂ ಹೇಳಲ್ಲ.)

ತೂಬಿನ ಮನೆ ಸೊಸೆ (ಮಾನ್ವಿ)

ಅಂಕಿ ಗೊತ್ತಿದ್ದವರೇ ಮಾತಾಡಬೇಕು ಅಂತಾದರೆ ನಮ್ಮತ್ತೆ ಬಾಯಿ ಮುಚ್ಚಿಕೊಂಡಿರಬೇಕು, ಅಲ್ವಾ? ಅವರಿಗೆ ಟಿಎಂಸಿ ಗೊತ್ತಿಲ್ಲ. ಆದರೆ ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಕೂತವರು. ‘ಮೇಲಿನವರಿಗೆ ನಮ್ಮ ನೆನಪೇ ಇರಲ್ಲ’ ಅಂತಾರೆ. ಅದು ಬರೀ ಅಭಿಪ್ರಾಯ, ಒಪ್ಪುತ್ತೇನೆ. ಆದರೂ ನೀರಾವರಿ ಸಭೆಯಲ್ಲಿ ಗೇಜ್ ಪುಸ್ತಕ (ಕಾಲುವೆ ನೀರಿನ ಮಟ್ಟ ಬರೆದಿಡೋದು) ಓದಿದ ಮೇಲೆ ಅವರನ್ನೂ ಒಂದೈದು ನಿಮಿಷ ಕೇಳಬೇಕು. ಯಾವ ತೂಬಿಗೆ ಯಾವ ರಾತ್ರಿ ನೀರು ಬರಲಿಲ್ಲ ಅಂತ ಅವರ ಬಾಯಲ್ಲೇ ಇದೆ.

ಕೊನೆಭಾಗದವ

ಭಾವನಿಗೆ ಫೋನ್ ಮಾಡಿದೆ. ‘ಕದೀತೀರಿ’ ಅಂದಿದ್ದು ತಪ್ಪಾಯ್ತು ಅಂದೆ. ಮೇಷ್ಟ್ರು ಹೇಳಿದ್ದು ನೆನಪಿತ್ತು, ನಿಮ್ಮ ಹೊಲದಲ್ಲೂ ಸವಳು ಇದೆಯಾ ಅಂತ ಕೇಳಿದೆ. ಅರ್ಧ ಗಂಟೆ ಬಿಡದೆ ಮಾತಾಡಿದರು. ಕೆಳಗಿನ ಒಂದೂವರೆ ಎಕರೆ ಪೂರ್ತಿ ಹೋಗಿದೆಯಂತೆ. ಇಷ್ಟು ವರ್ಷ ಹೋಗಿ ಬಂದು ಮಾಡಿದರೂ ನಾನು ಆ ಹೊಲದ ಕಡೆ ಹೋಗಿಯೇ ಇಲ್ಲ.

ಡ್ಯಾಂ ವರದಿಯ ಫೋಟೊನೂ ಕಳಿಸಿದ್ದೇನೆ. ನೀಲಿ ಟಿಕ್ ಬಂದು ಎರಡು ದಿನ ಆಯಿತು. ಉತ್ತರ ಇಲ್ಲ.