ಕಿರುಚಿತ್ರಕ್ಕೆ ಪಿವಿಸಿ ಪೈಪ್ ಡಾಲಿ: ಮನೆಯಲ್ಲೇ ಮಾಡಬಹುದಾ?

ಡೊಂಬಿವಲಿ ಲೋಕಲ್: ಗೆಳೆಯರೆಲ್ಲ ಸೇರಿ ಕನ್ನಡದಲ್ಲಿ ಒಂದು ಕಿರುಚಿತ್ರ ಮಾಡುತ್ತಿದ್ದೇವೆ. ಹಳೇ ಚಾಳಿನ (ಸಾಲುಮನೆಗಳ ಕಟ್ಟಡದ) ಉದ್ದನೆಯ ವರಾಂಡದಲ್ಲಿ ಅಜ್ಜಿ ನಡೆದು ಬರುತ್ತಾರೆ, ಕ್ಯಾಮೆರಾ ಅವರ ಮುಂದೆ ಹಿಂದಕ್ಕೆ ಸರಿಯುತ್ತಾ ಹೋಗಬೇಕು. ಕೈಯಲ್ಲಿ ಹಿಡಿದರೆ ಹೆಜ್ಜೆ ಹೆಜ್ಜೆಗೂ ಕುಣಿಯುತ್ತದೆ. ಡಾಲಿ, ಅಂದರೆ ಹಳಿ ಮೇಲೆ ಉರುಳುವ ಕ್ಯಾಮೆರಾ ಗಾಡಿ, ಬಾಡಿಗೆಗೆ ತರೋಣ ಅಂದರೆ ಡೆಪಾಸಿಟ್ ಕೇಳಿಯೇ ಸುಸ್ತಾಯ್ತು. ಡಿಎಸ್‌ಎಲ್‌ಆರ್, ಲೆನ್ಸ್ ಸೇರಿ ಒಂದೂವರೆ ಕಿಲೋ. ವೆಲ್ಡಿಂಗ್ ಬರಲ್ಲ, ಡ್ರಿಲ್ ಇದೆ.

ಪ್ಲೈವುಡ್ ಭಟ್ಟ: ಧಾರಾಳವಾಗಿ ಮಾಡಬಹುದು. 18 ಮಿಲಿಮೀಟರ್ ಪ್ಲೈವುಡ್ ಹಲಗೆ, ನಾಲ್ಕು ಮೂಲೆಗೆ ನಾಲ್ಕು ತುಂಡು ಅಲ್ಯೂಮಿನಿಯಂ ಎಲ್-ಆಂಗಲ್. ಆಂಗಲನ್ನು ತಲೆಕೆಳಗಾದ ವಿ ಥರ ಕೂರಿಸಿ, ಎರಡೂ ಬದಿಗೆ ಸ್ಕೇಟ್ ಚಕ್ರ ಹಾಕಿ. ಆಗ ಚಕ್ರಗಳು ಹಳಿಯಾಗಿ ಹಾಸಿದ ಪೈಪನ್ನು ಎರಡು ಕಡೆಯಿಂದ ತಬ್ಬಿಕೊಳ್ಳುತ್ತವೆ, ಜಾರಲ್ಲ. ಸ್ಕೇಟ್ ಚಕ್ರದೊಳಗೆ ಇರುವುದು 608 ಬೇರಿಂಗ್, ಅದರ ತೂತು 8 ಮಿಲಿಮೀಟರ್, ಹಾಗಾಗಿ ಎಂ8 ಬೋಲ್ಟ್ ಸರಿಯಾಗಿ ಕೂರುತ್ತದೆ. ಎರಡು ಪೈಪ್ ಜೋಡಿಸುವಾಗ ಹೊರಗಿನಿಂದ ಕಪ್ಲರ್ ಹಾಕಬೇಡಿ, ಚಕ್ರ ಅದರ ಮೇಲೆ ಹತ್ತಿ ಇಳಿದಾಗ ಶಾಟ್‌ನಲ್ಲಿ ಟಕ್ ಅಂತ ಕಾಣುತ್ತದೆ. ಒಳಗೆ ಬಿಗಿಯಾಗಿ ಕೂರುವ ಮರದ ಗೂಟ ಹೊಡೆಯಿರಿ. ಬೇರಿಂಗ್, ಬೋಲ್ಟ್ ಎಲ್ಲ ಮುಂಬೈನ ಮಸ್ಜಿದ್ ಸ್ಟೇಷನ್ ಹತ್ತಿರದ ನಾಗದೇವಿ ಸ್ಟ್ರೀಟ್‌ನಲ್ಲಿ ಸಿಗುತ್ತದೆ.

ನಟ್ಟು ಬೋಲ್ಟು: ಕ್ಯಾಮೆರಾ ಕೂರಿಸುವ ಸ್ಕ್ರೂ ಬಗ್ಗೆ ಹುಷಾರು. ಬೇಕಾದದ್ದು ಕಾಲು ಇಂಚಿನದು, ಇಂಚಿಗೆ 20 ಮರೆ (ಸ್ಕ್ರೂವಿನ ಸುತ್ತುಗೆರೆ). ಅಂಗಡಿಯವನು ಎಂ6 ಕೊಟ್ಟು 'ಸೇಮ್ ಹೈ' ಅಂತಾನೆ, ಒಪ್ಪಬೇಡಿ. ಅದು 6 ಮಿಲಿಮೀಟರ್, ಇದು 6.35. ಮರೆಯೂ ಬೇರೆ. ಸಡಿಲವಾಗಿ ಕೂತ ಹಾಗೆ ಅನಿಸುತ್ತದೆ, ಆಮೇಲೆ ಕ್ಯಾಮೆರಾದ ಮರೆಯೇ ಹಾಳು. ಹಲಗೆಯಿಂದ 4-5 ಮಿಲಿಮೀಟರ್ ಮಾತ್ರ ಹೊರಗೆ ಬರಲಿ, ವಾಷರ್ ಹಾಕಿ ಹೊಂದಿಸಿ. ಉದ್ದ ಜಾಸ್ತಿಯಾದರೆ ಕ್ಯಾಮೆರಾದ ತಳಕ್ಕೆ ಒತ್ತುತ್ತದೆ.

ಪುಣೆ ಪೇಠೆ: ಎಲ್ಲ ಸರಿ, ಆದರೆ ಈ ಶಾಟ್‌ಗೆ ಡಾಲಿ ಯಾಕ್ರೀ? ಕ್ಯಾಮೆರಾ ಹಿಂದೆ ಸರಿದ ಹಾಗೆ ಪೈಪ್ ಫ್ರೇಮಿನೊಳಗೆ ಬರುತ್ತದೆ. ಸೊಂಟದ ಮೇಲೆ ಮಾತ್ರ ಫ್ರೇಮ್ ಇಟ್ಟರೂ ಅಜ್ಜಿ ಆ ಪೈಪ್‌ಗಳ ನಡುವೆಯೇ ನಡೀಬೇಕು, ಎಡವಿದರೆ? ಮೂರು ಅಡಿ ಅಲ್ಯೂಮಿನಿಯಂ ಪೈಪ್ ತಗೊಳ್ಳಿ. ಮೇಲೆ ಕ್ಯಾಮೆರಾ, ಕೆಳತುದಿಗೆ ಸುಮಾರು ಅಷ್ಟೇ ಭಾರ. ಬೆರಳ ಮೇಲಿಟ್ಟು ತೂಗಿ ನೋಡಿ, ಸಮತೂಕದ ಜಾಗಕ್ಕಿಂತ ಚೂರು ಮೇಲೆ ಹಿಡಿಯಿರಿ. ಭಾರ ಎರಡು ತುದಿಗೆ ಹಂಚಿಹೋಗಿರುವುದರಿಂದ ಕ್ಯಾಮೆರಾ ಸುಲಭಕ್ಕೆ ಹೊರಳಾಡಲ್ಲ. ಮೇಲೆ ಕೆಳಗೆ ಕುಣಿಯುವುದನ್ನು ಮಾತ್ರ ಇದು ತಡೆಯಲ್ಲ, ಅದಕ್ಕೆ ಮಂಡಿ ಬಗ್ಗಿಸಿ ನಡೀಬೇಕು. ವೈಡ್ ಲೆನ್ಸ್ ಹಾಕಿ, ಅಲುಗಾಟ ಕಮ್ಮಿ ಕಾಣುತ್ತದೆ. ಕ್ಯಾಮೆರಾ ಹಿಡಿದು ಹಿಂದಕ್ಕೆ ನಡೆಯುವವರ ಬೆನ್ನಿಗೆ ಒಬ್ಬರು ಕೈ ಕೊಟ್ಟಿರಲಿ, ಚಾಳಿನಲ್ಲಿ ಬಕೆಟ್ಟು ಚಪ್ಪಲಿ ಇಲ್ಲದ ವರಾಂಡ ಎಲ್ಲಿದೆ!

ಡೊಂಬಿವಲಿ ಲೋಕಲ್: ಪೈಪ್ ಕಾಣುತ್ತದೆ ಅನ್ನೋದು ತಲೆಗೇ ಹೊಳೆದಿರಲಿಲ್ಲ. ಈ ಶಾಟ್‌ಗೆ ಭಾರದ ಕೋಲು. ಅಜ್ಜಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸೀನ್ ಇದೆ, ಪಕ್ಕದಿಂದ ಸರಿಯುವ ಶಾಟ್, ಅದಕ್ಕೆ ಡಾಲಿ ಮಾಡುತ್ತೇವೆ. ಆದರೆ ಹತ್ತಡಿ ಪೈಪ್ ಲೋಕಲ್ ಟ್ರೇನ್‌ನಲ್ಲಿ ತರುವುದು ಹೇಗೆ?

ಪ್ಲೈವುಡ್ ಭಟ್ಟ: ಪೈಪ್ ಡೊಂಬಿವಲಿಯ ಯಾವ ಪ್ಲಂಬಿಂಗ್ ಅಂಗಡಿಯಲ್ಲಾದರೂ ಸಿಗುತ್ತೆ ಮಾರಾಯ್ರೇ. ದಪ್ಪ ಗೋಡೆಯದನ್ನೇ ಕೇಳಿ, ತೆಳ್ಳಗಿದ್ದರೆ ನಡುವೆ ಬಾಗುತ್ತದೆ.