ಹೊಸಬರಿಗೆ ತಪ್ಪು ತಿದ್ದಿ ಹೇಳುವುದು ಹೇಗೆ?

ಪ್ರಶ್ನೆ: ತಂಡದಲ್ಲಿ 22–25 ವಯಸ್ಸಿನವರೇ ಹೆಚ್ಚು. ಕೆಲಸ ಕೊಟ್ಟಾಗ "ಸರಿ" ಅಂತಾರೆ, ಗಡುವಿನ ದಿನ ನೋಡಿದರೆ ಅರ್ಧ ತಪ್ಪು. ತಿದ್ದಿದರೆ ಮುಖ ಸಪ್ಪೆ. ಏನು ಮಾಡಬೇಕು?

ಉತ್ತರ 1: ಅವರ "ಸರಿ" ಅಂದರೆ ಕೇಳಿಸಿತು ಅಂತ, ಅರ್ಥವಾಯಿತು ಅಂತಲ್ಲ. ಏನು ಬೇಕು, ಯಾರಿಗೆ, ಯಾವಾಗ, ಮುಗಿದದ್ದು ಹೇಗಿರಬೇಕು ಎಂದು ನಾಲ್ಕು ಸಾಲು ಬರೆದುಕೊಡಿ. ಹಳೆಯದೊಂದು ಒಳ್ಳೆಯ ಮಾದರಿಯೂ ಜೊತೆಗಿರಲಿ. "ಮೊದಲು ಏನು ಮಾಡ್ತೀರಿ?" ಅಂತ ಅವರ ಬಾಯಲ್ಲೇ ಹೇಳಿಸಿ. ಐದು ದಿನದ ಕೆಲಸವಾದರೆ ಮೊದಲ ದಿನದ ಕೊನೆಗೇ ಕರಡು ನೋಡಿ. ಆಗ ದಿಕ್ಕು ತಪ್ಪಿದ್ದರೂ ಹತ್ತು ನಿಮಿಷದಲ್ಲಿ ಸರಿಯಾಗುತ್ತೆ. ಕೊನೆಯ ದಿನ ಆಗಲ್ಲ.

ಉತ್ತರ 2: ಗುಂಪಿನ ಚಾಟ್‌ನಲ್ಲಿ ತಿದ್ದಲೇಬೇಡಿ. ಅದೇ ದಿನ ಅಥವಾ ಮರುದಿನ, ಒಬ್ಬರೇ ಇದ್ದಾಗ ಹೇಳಿ. "ನಿಮಗೆ ಗಮನವೇ ಇಲ್ಲ" ಅಲ್ಲ, "3ನೇ ಪುಟದ ಮೊತ್ತ ತಾಳೆಯಾಗ್ತಿಲ್ಲ". ಇನ್ನೊಂದು: "ಆಮೇಲೆ ಮಾತಾಡೋಣ" ಅಂತಷ್ಟೇ ಮೆಸೇಜ್ ಹಾಕಿದರೆ ಸಂಜೆಯವರೆಗೂ ಅವರಿಗೆ ಕೆಲಸ ಓಡಲ್ಲ. ವಿಷಯ ಏನೆಂದೂ ಸೇರಿಸಿ.

ಉತ್ತರ 3: ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಬೇಡಿ; ಹೊಸ ಜಾಗಕ್ಕೆ ಬಂದ 45ರವರೂ ಸುಮ್ಮನೇ ಇರ್ತಾರೆ. "ಅರ್ಧ ಗಂಟೆ ಸಿಕ್ಕಿಹಾಕಿಕೊಂಡರೆ ಕೇಳಲೇಬೇಕು" ಅಂತ ನಿಯಮ ಮಾಡಿ. ಆದರೆ ಮೊದಲ ಪ್ರಶ್ನೆಗೇ "ಇದೂ ಗೊತ್ತಿಲ್ವಾ?" ಅಂದರೆ ಎರಡನೆಯದು ಬರಲ್ಲ.